ದೊಡ್ಡವರ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುತ್ತಾ? ಅರವತ್ತು ವರ್ಷದ ಜಗಳ ಇನ್ನೂ ಯಾಕೆ ಮುಗಿದಿಲ್ಲ

2025ರ ಜುಲೈನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೆನ್ ತಂಡದ ಸಂಶೋಧನೆಯೊಂದು ಪ್ರಕಟವಾಯಿತು. ನರಕೋಶಗಳಿಗೆ ಜನ್ಮ ಕೊಡುವ ತಾಯಿಕೋಶಗಳು ವಯಸ್ಕರ ಮಿದುಳಿನಲ್ಲೂ ಇವೆ, ಅವು ಇನ್ನೂ ವಿಭಜನೆ ಆಗುತ್ತಿವೆ ಅಂತ ಅದರ ಸಾರ. ಸುದ್ದಿ ತಾಣಗಳು ಇದನ್ನೇ ‘ಮುಪ್ಪಿನಲ್ಲೂ ಮಿದುಳು ಬೆಳೆಯುತ್ತೆ’ ಅಂತ ತಲೆಬರಹ ಮಾಡಿದವು.

ಓದಿದವರಿಗೆ ಗೊಂದಲ ಆಗೋದು ಸಹಜ. ನರಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ ಅಂತಲೇ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? 2018ರಲ್ಲಿ ‘ವಯಸ್ಕರಲ್ಲಿ ಹೊಸ ನರಕೋಶ ಒಂದೂ ಸಿಗಲಿಲ್ಲ’ ಎಂಬ ಸುದ್ದಿಯೂ ಇಷ್ಟೇ ಜೋರಾಗಿ ಬಂದಿತ್ತು. ಅದಕ್ಕೂ ಮೊದಲು, 1998ರಲ್ಲಿ ‘ಹುಟ್ಟುತ್ತವೆ’ ಎಂಬ ಸುದ್ದಿ. ಒಂದೇ ಪ್ರಶ್ನೆಗೆ ಹೌದು, ಇಲ್ಲ, ಹೌದು ಅಂತ ಉತ್ತರ ಬದಲಾಗುತ್ತಿದ್ದರೆ ಯಾವುದನ್ನು ನಂಬೋದು? ಇದು ತಿಳಿಯಬೇಕಾದರೆ ಮೊದಲು ನರಕೋಶವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ಜಗಳದ ಅರ್ಧ ಕಾರಣ ಅದರ ಆಕಾರದಲ್ಲೇ ಇದೆ.

ಬೇರೆ ಕೋಶಗಳಂತೆ ಇದು ಯಾಕೆ ಇಬ್ಭಾಗ ಆಗಲ್ಲ

ಕರುಳಿನ ಒಳಪದರದ ಕೋಶಗಳು ಕೆಲವೇ ದಿನ ಬದುಕುತ್ತವೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮಿದುಳಿನ ನರಕೋಶಗಳದ್ದು ಬೇರೆ ಲೆಕ್ಕ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಬಹುಪಾಲು ನಾವು ಹುಟ್ಟುವ ಮೊದಲು ಇಲ್ಲವೇ ಹುಟ್ಟಿದ ಹೊಸತರಲ್ಲೇ ತಯಾರಾಗಿ, ಸಾಯುವವರೆಗೂ ಅವೇ ಇರುತ್ತವೆ.

ಒಂದು ನರಕೋಶಕ್ಕೆ ಮೂರು ಮುಖ್ಯ ಭಾಗ. ನಡುವೆ ಕೋಶದ ಒಡಲು. ಡಿಎನ್‌ಎ ಇರೋದು ಇಲ್ಲೇ. ಒಡಲಿನಿಂದ ಹೊರಟ ಕವಲು ಕವಲಾದ ಚಾಚುಗಳು ಡೆಂಡ್ರೈಟ್‌ಗಳು. ಅವುಗಳ ಮೈತುಂಬ ಮುಳ್ಳಿನಂಥ ಸಣ್ಣ ಮೊಳಕೆಗಳು. ಬೇರೆ ಕೋಶಗಳ ಸಂದೇಶ ಬಂದು ತಲುಪೋದು ಹೆಚ್ಚಾಗಿ ಈ ಮೊಳಕೆಗಳಿಗೆ. ಇನ್ನೊಂದು ಕಡೆಯಿಂದ ಹೊರಡುವ ಒಂಟಿ ಉದ್ದನೆಯ ಎಳೆ ಆಕ್ಸಾನ್. ಸಂದೇಶ ಹೊರಗೆ ಹೋಗೋದು ಇದರ ಮೂಲಕ. ಬೆನ್ನುಹುರಿಯಿಂದ ಕಾಲಿನ ಪಾದಕ್ಕೆ ಇಳಿಯುವ ಆಕ್ಸಾನ್ ಸುಮಾರು ಒಂದು ಮೀಟರ್ ಉದ್ದ ಇರಬಹುದು. ಅದರ ಒಡಲು ಮಾತ್ರ ಬರಿಗಣ್ಣಿಗೆ ಕಾಣದಷ್ಟು ಸಣ್ಣದು.

ಕೆಲಸ ನಡೆಯೋದು ವಿದ್ಯುತ್ತಿನಿಂದ. ಸುಮ್ಮನಿರುವ ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಡೆಂಡ್ರೈಟ್‌ಗಳಿಗೆ ಬಂದ ಸಂದೇಶಗಳೆಲ್ಲ ಕೂಡಿ ಒಂದು ಮಿತಿ ದಾಟಿದರೆ ಆಕ್ಸಾನಿನ ಬುಡದಲ್ಲಿ ಸೋಡಿಯಂ ಬಾಗಿಲುಗಳು ತೆರೆದುಕೊಳ್ಳುತ್ತವೆ. ಸೋಡಿಯಂ ಒಳಗೆ ನುಗ್ಗುತ್ತದೆ. ಆ ಕ್ಷಣ ಒಳಗಿನ ವೋಲ್ಟೇಜ್ ತಿರುವುಮುರುವಾಗುತ್ತದೆ. ಪಕ್ಕದ ಬಾಗಿಲುಗಳೂ ತೆರೆಯುತ್ತವೆ, ಆಮೇಲೆ ಅದರ ಪಕ್ಕದವು. ಹೀಗೆ ಸಂಕೇತ ಆಕ್ಸಾನಿನ ತುದಿ ಮುಟ್ಟುತ್ತದೆ. ತುದಿಯಲ್ಲಿ ಕ್ಯಾಲ್ಸಿಯಂ ಒಳಗೆ ಬಂದು, ರಾಸಾಯನಿಕ ತುಂಬಿದ ಸಣ್ಣ ಚೀಲಗಳು ಒಡೆದು ಹೊರಗೆ ಸುರಿಯುತ್ತವೆ. ಮುಂದಿನ ಕೋಶಕ್ಕೂ ಇದಕ್ಕೂ ನಡುವೆ ಸುಮಾರು 20 ನ್ಯಾನೋಮೀಟರ್ ಸಂದು. ರಾಸಾಯನಿಕ ಆ ಸಂದು ದಾಟಿ ಆಚೆ ಕೋಶವನ್ನು ಎಬ್ಬಿಸುತ್ತದೆ ಇಲ್ಲವೇ ತಡೆಯುತ್ತದೆ. ಈ ಕೂಡುವ ಜಾಗವೇ ಸಿನಾಪ್ಸ್. ಒಂದು ನರಕೋಶಕ್ಕೆ ಇಂಥ ಸಾವಿರಾರು ಸಿನಾಪ್ಸ್‌ಗಳು. ಕಿರುಮಿದುಳಿನ ಪರ್ಕಿಂಜೆ ಕೋಶಕ್ಕಂತೂ ಒಂದು ಲಕ್ಷಕ್ಕೂ ಜಾಸ್ತಿ.

ಇಂಥ ಕೋಶ ವಿಭಜನೆ ಆಗಬೇಕು ಅಂದರೆ ಏನೇನು ಆಗಬೇಕು ನೋಡಿ. ವಿಭಜನೆಯ ಹೊತ್ತಿನಲ್ಲಿ ಕ್ರೋಮೋಸೋಮುಗಳನ್ನು ಎರಡು ಕಡೆಗೆ ಎಳೆಯೋದು ಮೈಕ್ರೋಟ್ಯೂಬ್ಯೂಲ್ ಎಂಬ ಸೂಕ್ಷ್ಮ ಕೊಳವೆಗಳು. ನರಕೋಶದಲ್ಲಿ ಅದೇ ಕೊಳವೆಗಳು ಆಕ್ಸಾನ್ ಮತ್ತು ಡೆಂಡ್ರೈಟ್‌ಗಳಿಗೆ ಒಳಗಿನ ಎಲುಬು. ಅವನ್ನು ಕಳಚಿದರೆ ಚಾಚುಗಳು ನಿಲ್ಲಲ್ಲ, ಸಾವಿರಾರು ಸಂಪರ್ಕ ಕಿತ್ತುಹೋಗುತ್ತವೆ. ಹಾಗಾಗಿ ಪೂರ್ತಿ ಬೆಳೆದ ನರಕೋಶ ವಿಭಜನೆಯ ದಾರಿಯನ್ನೇ ಮುಚ್ಚಿಕೊಂಡಿರುತ್ತದೆ. ಇದರ ಬಗ್ಗೆ ಎರಡೂ ಪಾಳಯಕ್ಕೆ ತಕರಾರಿಲ್ಲ. 2025ರ ಸುದ್ದಿಯೂ ಇದನ್ನು ಸುಳ್ಳು ಅಂದಿಲ್ಲ. ಹೊಸ ನರಕೋಶ ಬರೋದಿದ್ದರೆ ಅದು ಹಳೆ ನರಕೋಶ ಒಡೆದು ಬರಲ್ಲ, ಇನ್ನೂ ಚಾಚು ಬಿಡದ ತಾಯಿಕೋಶದಿಂದ ಬರಬೇಕು. ದೊಡ್ಡವರಲ್ಲಿ ಅಂಥ ತಾಯಿಕೋಶ ಉಳಿದಿದೆಯಾ? ಜಗಳ ಇರೋದು ಅಷ್ಟಕ್ಕೇ.

ಇಲಿ, ಹಾಡುಹಕ್ಕಿ, ಕೋತಿ

‘ಹುಟ್ಟಲ್ಲ’ ಎಂಬ ಮಾತಿಗೆ ದೊಡ್ಡ ಬಲ ಕೊಟ್ಟವರು ಸ್ಪೇನಿನ ಸಂತಿಯಾಗೊ ರಮೋನ್ ಇ ಕಹಾಲ್. ನರಕೋಶಗಳು ಬಿಡಿಬಿಡಿಯಾದ ಘಟಕಗಳು ಅಂತ ತೋರಿಸಿ 1906ರಲ್ಲಿ ನೊಬೆಲ್ ಹಂಚಿಕೊಂಡವರು ಅವರು. ವಯಸ್ಕ ಮಿದುಳಿನ ದಾರಿಗಳು ಗಟ್ಟಿಯಾಗಿ ಮುಗಿದುಹೋದವು, ಅಲ್ಲಿ ಸಾವು ಉಂಟು, ಮರುಹುಟ್ಟು ಇಲ್ಲ ಎಂಬುದು ಅವರ ನಿಲುವು. ಅವರ ಕಾಲದ ಸೂಕ್ಷ್ಮದರ್ಶಕಕ್ಕೆ ಕಂಡದ್ದು ಅಷ್ಟೇ.

1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ಆಲ್ಟ್‌ಮನ್ ಇಲಿಗಳಿಗೆ ವಿಕಿರಣ ಸೂಸುವ ಥೈಮಿಡಿನ್ ಕೊಟ್ಟರು. ಡಿಎನ್‌ಎ ಹೊಸದಾಗಿ ತಯಾರಾಗುವ ಕೋಶದಲ್ಲಿ ಮಾತ್ರ ಅದು ಸೇರಿಕೊಳ್ಳುತ್ತದೆ. ದೊಡ್ಡ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ, ಅಂದರೆ ಹೊಸ ನೆನಪು ಕಟ್ಟಲು ಬೇಕಾದ ಮಿದುಳಿನ ಭಾಗದಲ್ಲಿ, ಗುರುತು ಸಿಕ್ಕಿತು. 1965ರಲ್ಲಿ ಗೋಪಾಲ್ ದಾಸ್ ಜೊತೆ ಅವರು ವಿವರವಾಗಿ ಬರೆದರು. ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. 1980ರ ದಶಕದಲ್ಲಿ ಫರ್ನಾಂಡೊ ನಾಟ್‌ಬಾಮ್ ಅವರು ಕ್ಯಾನರಿ ಹಕ್ಕಿಗಳ ಮಿದುಳಿನಲ್ಲಿ ಹೊಸ ನರಕೋಶ ಸೇರೋದನ್ನು ತೋರಿಸಿದ ಮೇಲೆ ಮಾತುಕತೆ ಮತ್ತೆ ಶುರುವಾಯಿತು.

ಆದರೆ 1985ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪಾಸ್ಕೊ ರಾಕಿಚ್ ರೀಸಸ್ ಕೋತಿಗಳಲ್ಲಿ ಹುಡುಕಿ, ದೊಡ್ಡ ಕೋತಿಗಳಲ್ಲಿ ಹೊಸ ನರಕೋಶ ಇಲ್ಲ ಅಂದರು. ಅವರ ವಾದಕ್ಕೆ ತೂಕ ಇತ್ತು. ಕೋತಿ, ಮನುಷ್ಯರ ಬದುಕು ದೀರ್ಘ. ಕಲಿತದ್ದನ್ನು ದಶಕಗಟ್ಟಲೆ ಇಟ್ಟುಕೊಳ್ಳಬೇಕು. ಕಲಿಕೆ ಉಳಿಯೋದು ನರಕೋಶಗಳ ನಡುವಿನ ಸಂಪರ್ಕದಲ್ಲಿ. ಕೋಶಗಳೇ ಬದಲಾಗುತ್ತಾ ಹೋದರೆ ನೆನಪು ಎಲ್ಲಿ ನಿಲ್ಲಬೇಕು? ಆ ಪ್ರಶ್ನೆಗೆ ಇವತ್ತಿಗೂ ಪೂರ್ತಿ ಉತ್ತರ ಇಲ್ಲ. ಮುಂದೆ ಅದೇ ಮಾತಿಗೆ ಬರುತ್ತೇನೆ.

ಅಣುಬಾಂಬಿನ ಇಂಗಾಲ ಕೊಟ್ಟ ಸಾಕ್ಷಿ

ಮನುಷ್ಯರಲ್ಲಿ ಇದನ್ನು ಪರೀಕ್ಷೆ ಮಾಡೋದು ಹೇಗೆ? ಸಂಶೋಧನೆಗಾಗಿ ಯಾರಿಗೂ ವಿಕಿರಣದ ರಾಸಾಯನಿಕ ಚುಚ್ಚುವಂತಿಲ್ಲ. 1998ರಲ್ಲಿ ಪೀಟರ್ ಎರಿಕ್ಸನ್, ಫ್ರೆಡ್ ಗೇಜ್ ತಂಡಕ್ಕೆ ಒಂದು ದಾರಿ ಸಿಕ್ಕಿತು. ಗಡ್ಡೆ ಎಷ್ಟು ವೇಗವಾಗಿ ಬೆಳೆಯುತ್ತಿದೆ ಅಂತ ತಿಳಿಯಲು ಕೆಲವು ಕ್ಯಾನ್ಸರ್ ರೋಗಿಗಳಿಗೆ ಥೈಮಿಡಿನ್ನಂಥದ್ದೇ ಗುರುತುವಸ್ತು ಕೊಟ್ಟಿದ್ದರು. ಅವರಲ್ಲಿ ಐವರು ತೀರಿಕೊಂಡ ಮೇಲೆ ಮಿದುಳು ನೋಡಿದರೆ, ಹಿಪ್ಪೊಕ್ಯಾಂಪಸ್ಸಿನ ಡೆಂಟೇಟ್ ಗೈರಸ್ ಎಂಬ ಪಟ್ಟಿಯಲ್ಲಿ ಗುರುತು ಹೊತ್ತ ನರಕೋಶಗಳಿದ್ದವು. ಐದೇ ಜನ, ಎಲ್ಲರೂ ಕಾಯಿಲೆಯವರು. ಆದರೂ ಮೊದಲ ನೇರ ಸಾಕ್ಷಿ ಅದು.

2013ರ ವಿಧಾನ ಇನ್ನೂ ವಿಚಿತ್ರ. 1950ರ ದಶಕದ ನಡುವಿನಿಂದ 1963ರವರೆಗೆ ಬಯಲಿನಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 (ಇಂಗಾಲದ ವಿಕಿರಣ ಸೂಸುವ ರೂಪ) ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಒಪ್ಪಂದವಾಗಿ ಪರೀಕ್ಷೆಗಳು ನೆಲದಡಿಗೆ ಹೋದ ಮೇಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಊಟಕ್ಕೆ, ಊಟದಿಂದ ನಮ್ಮ ಡಿಎನ್‌ಎಗೆ. ಕೋಶ ಹುಟ್ಟಿದ ವರ್ಷ ಗಾಳಿಯಲ್ಲಿ ಎಷ್ಟು ಕಾರ್ಬನ್-14 ಇತ್ತೋ ಅದರ ಡಿಎನ್‌ಎಯಲ್ಲಿ ಅಷ್ಟೇ ಪ್ರಮಾಣ ಉಳಿಯುತ್ತದೆ. ಅದನ್ನು ಅಳೆದರೆ ಕೋಶಗಳ ಸರಾಸರಿ ವಯಸ್ಸು ಗೊತ್ತಾಗುತ್ತದೆ. ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಫ್ರಿಸೆನ್ ಹೀಗೆ ಲೆಕ್ಕ ಹಾಕಿ, ವಯಸ್ಕರ ಒಂದೊಂದು ಹಿಪ್ಪೊಕ್ಯಾಂಪಸ್‌ಗೂ ದಿನಕ್ಕೆ ಸುಮಾರು 700 ಹೊಸ ನರಕೋಶ ಸೇರುತ್ತವೆ ಅಂದರು. ಇದೇ ವಿಧಾನದಲ್ಲಿ ಮಿದುಳಿನ ಹೊರಪದರವನ್ನು ನೋಡಿದಾಗ ಅಲ್ಲಿನ ನರಕೋಶಗಳಿಗೆ ಆ ವ್ಯಕ್ತಿಯಷ್ಟೇ ವಯಸ್ಸಾಗಿತ್ತು. ಅಂದರೆ ಹೊಸದೇನೂ ಇಲ್ಲ.

700 ಅಂದರೆ ದೊಡ್ಡ ಸಂಖ್ಯೆ ಅನ್ನಿಸಬಹುದು. ವರ್ಷಕ್ಕೆ ಎರಡೂವರೆ ಲಕ್ಷ ಆಯಿತು. 8,600 ಕೋಟಿಯ ಎದುರು ಅದು ಲೆಕ್ಕಕ್ಕೇ ಇಲ್ಲ. ‘ಮಿದುಳು ಬೆಳೆಯುತ್ತೆ’ ಎಂಬ ತಲೆಬರಹ ಇಲ್ಲೇ ಎಡವುತ್ತದೆ. ಹೆಚ್ಚೆಂದರೆ ಬೆರಳಿನ ಗಾತ್ರದ ಒಂದು ಭಾಗದ ಒಳಗಿನ ತೆಳು ಪಟ್ಟಿಯ ಮಾತು ಇದು.

2018: ಒಂದು ತಿಂಗಳ ಅಂತರ, ಎರಡು ಉಲ್ಟಾ ಫಲಿತಾಂಶ

2018ರ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆರ್ಟುರೊ ಆಲ್ವರೆಜ್-ಬುಯ್ಯಾ ಪ್ರಯೋಗಾಲಯದ ವರದಿ ‘ನೇಚರ್’ನಲ್ಲಿ ಬಂತು. ಒಟ್ಟು 59 ಮಾದರಿ. ತೀರಿಕೊಂಡವರ ಮಿದುಳು ಕೆಲವು, ಮೂರ್ಛೆರೋಗದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕು ಕೆಲವು. ಕೂಸುಗಳಲ್ಲಿ ಎಳೆ ನರಕೋಶ ಬೇಕಾದಷ್ಟಿದ್ದವು. ಒಂದು ವರ್ಷದೊಳಗೆ ಸರ್ರನೆ ಇಳಿದವು. 7 ಮತ್ತು 13 ವರ್ಷದ ಮಕ್ಕಳಲ್ಲಿ ಅಲ್ಲೊಂದು ಇಲ್ಲೊಂದು. ದೊಡ್ಡವರಲ್ಲಿ ಸೊನ್ನೆ.

ಏಪ್ರಿಲಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮೌರಾ ಬೊಲ್ಡ್ರಿನಿ ತಂಡ 14ರಿಂದ 79 ವರ್ಷದ 28 ಜನರ ಹಿಪ್ಪೊಕ್ಯಾಂಪಸ್ ನೋಡಿ, ಎಳೆ ನರಕೋಶ ಸಾವಿರಗಟ್ಟಲೆ ಇವೆ, ವಯಸ್ಸಾದರೂ ಅಷ್ಟೇನೂ ಕಡಿಮೆ ಆಗಲ್ಲ ಅಂದಿತು.

ಎರಡೂ ತಂಡ ನುರಿತವು. ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂತ ಅಲ್ಲ.

ಜಗಳದ ಬೇರು: ಫಾರ್ಮಲಿನ್ ಮತ್ತು ಗಡಿಯಾರ

ನೇರವಾಗಿ ಹೇಳೋದಾದರೆ, ಇಷ್ಟು ವರ್ಷದ ಈ ವಿವಾದ ಬಹುಪಾಲು ಸತ್ತ ಮಿದುಳಿನಲ್ಲಿ ಎಳೆ ಕೋಶವನ್ನು ಗುರುತಿಸೋದು ಹೇಗೆ ಎಂಬುದರ ಮೇಲೆ ನಿಂತಿದೆ. ಎಳೆ ನರಕೋಶ ತನ್ನ ಜಾಗಕ್ಕೆ ಸರಿಯುತ್ತಾ ಚಾಚು ಬಿಡುವಾಗ ಡಬಲ್‌ಕಾರ್ಟಿನ್ ಎಂಬ ಪ್ರೋಟೀನನ್ನು ಜಾಸ್ತಿ ತಯಾರಿಸುತ್ತದೆ. ಮೇಲೆ ಹೇಳಿದ ಕೊಳವೆಗಳನ್ನು ಅಲುಗದಂತೆ ಹಿಡಿಯೋದು ಅದರ ಕೆಲಸ. ಕೋಶ ಬೆಳೆದ ಮೇಲೆ ಅದು ಮಾಯ. ಹಾಗಾಗಿ ಡಬಲ್‌ಕಾರ್ಟಿನ್ ಕಂಡರೆ ಎಳೆ ಕೋಶ ಅಂತ ಲೆಕ್ಕ.

ಆದರೆ ಆ ಪ್ರೋಟೀನ್ ಬಹಳ ನಾಜೂಕು. ತಾಜಾ ಮಿದುಳು ಗಟ್ಟಿ ಮೊಸರಿನಷ್ಟು ಮೆತ್ತಗೆ. ಹಾಗೇ ಕತ್ತರಿಸಲು ಬರಲ್ಲ. ಕೆಡದಂತೆ ಕಾಪಾಡುವ ಫಾರ್ಮಲಿನ್ ಎಂಬ ದ್ರವದಲ್ಲಿ ನೆನೆಸಿಟ್ಟರೆ ರಬ್ಬರಿನಂತೆ ಬಿಗಿಯುತ್ತದೆ, ಆಮೇಲೆ ತೆಳುವಾಗಿ ಸೀಳಬಹುದು. ಸಾವಿಗೂ ಫಾರ್ಮಲಿನ್‌ಗೂ ನಡುವೆ ಎಷ್ಟು ಗಂಟೆ ಕಳೆಯಿತು, ಫಾರ್ಮಲಿನ್‌ನಲ್ಲಿ ಎಷ್ಟು ಹೊತ್ತು ಇತ್ತು, ಎರಡೂ ಮುಖ್ಯ. 2019ರಲ್ಲಿ ಮ್ಯಾಡ್ರಿಡ್‌ನ ಮರಿಯಾ ಯೊರೆನ್ಸ್-ಮಾರ್ತಿನ್ ತಂಡ ತೋರಿಸಿದ್ದು ಇದನ್ನೇ. ಕಡಿಮೆ ಹೊತ್ತು ಇಟ್ಟ ತುಣುಕಿನಲ್ಲಿ ಎಳೆ ಕೋಶಗಳು ಚೆನ್ನಾಗಿ ಕಂಡವು. ಅದೇ ಮಿದುಳಿನ ಇನ್ನೊಂದು ತುಣುಕನ್ನು ಜಾಸ್ತಿ ಹೊತ್ತು ಇಟ್ಟರೆ ಕಾಣಲೇ ಇಲ್ಲ. ಕೋಶ ಇತ್ತು, ಗುರುತು ಅಳಿಸಿಹೋಗಿತ್ತು. ಎಚ್ಚರದಿಂದ ಸಂರಕ್ಷಿಸಿದ 13 ಜನರ ಮಿದುಳಿನಲ್ಲಿ, 87 ವರ್ಷದವರೆಗೂ, ಅವರಿಗೆ ಎಳೆ ಕೋಶ ಸಿಕ್ಕವು. ಅಲ್ಝೈಮರ್ಸ್ ಇದ್ದವರಲ್ಲಿ ಸಂಖ್ಯೆ ಎದ್ದುಕಾಣುವಂತೆ ಕಡಿಮೆ ಇತ್ತು.

ಹಾಗಾದರೆ ‘ಇಲ್ಲ’ ಅಂದವರು ಸೋತರಾ? ಅವರ ಮರುಪ್ರಶ್ನೆಯೂ ಗಟ್ಟಿ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕಿಗೆ ಕಾಯುವ ಸಮಸ್ಯೆಯೇ ಇಲ್ಲ, ತಕ್ಷಣ ಸಂರಕ್ಷಿಸುತ್ತಾರೆ. ಅಲ್ಲೂ ಯಾಕೆ ಸಿಗಲಿಲ್ಲ? ಮಕ್ಕಳ ಮಿದುಳಲ್ಲಿ ಅದೇ ವಿಧಾನದಲ್ಲಿ ಸಿಗುತ್ತದೆ, ದೊಡ್ಡವರಲ್ಲಿ ಮಾತ್ರ ಅಳಿಸಿಹೋಗುತ್ತಾ? (ಮೂರ್ಛೆರೋಗದ ಮಿದುಳು ಆರೋಗ್ಯವಂತರ ಮಿದುಳಲ್ಲ ಅನ್ನೋದು ಇದಕ್ಕೆ ಇನ್ನೊಂದು ಕಡೆಯವರ ಉತ್ತರ.) ಇನ್ನೊಂದು ಆಕ್ಷೇಪ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಎಳೆಯದಾಗಿ ಕಾಣುವ ಕೋಶವೆಲ್ಲ ಹೊಸದಾಗಿ ಹುಟ್ಟಿದ್ದೇ ಆಗಬೇಕಿಲ್ಲ. ಅಮಿಗ್ಡಲಾ ಎಂಬ ಭಾಗದಲ್ಲಿ, ಹುಟ್ಟಿನಿಂದಲೇ ಇದ್ದು ಎಷ್ಟೋ ವರ್ಷ ಬೆಳೆಯದೆ ಎಳೆಯದಾಗೇ ಉಳಿದ ನರಕೋಶಗಳಿವೆ. ಡಬಲ್‌ಕಾರ್ಟಿನ್ ಇದೆ ಅಂದ ಮಾತ್ರಕ್ಕೆ ನಿನ್ನೆ ಮೊನ್ನೆ ಹುಟ್ಟಿದ ಕೋಶ ಅನ್ನಲಾಗದು.

2025ರಲ್ಲಿ ಹೊಸದಾಗಿ ಸಿಕ್ಕಿದ್ದೇನು

ಫ್ರಿಸೆನ್ ತಂಡದ ಕೆಲಸವನ್ನು ಈ ಆಕ್ಷೇಪಕ್ಕೆ ಉತ್ತರ ಅಂತ ಓದಿದರೆ ಸುಲಭವಾಗಿ ಅರ್ಥವಾಗುತ್ತದೆ. ಎಳೆ ಕೋಶ ಸಿಕ್ಕರೆ ಸಾಲದು, ಅವನ್ನು ಹೆರುವ ತಾಯಿಕೋಶ ವಿಭಜನೆ ಆಗುತ್ತಿರುವಾಗಲೇ ಸಿಗಬೇಕು. ಹುಟ್ಟಿದ ಕೂಸುಗಳಿಂದ 78 ವರ್ಷದವರವರೆಗಿನ ಹಿಪ್ಪೊಕ್ಯಾಂಪಸ್ ಮಾದರಿಗಳಲ್ಲಿ ಅವರು ಒಂದೊಂದು ಕೋಶಕೇಂದ್ರದಲ್ಲೂ ಯಾವ ಜೀನ್‌ಗಳು ಚುರುಕಾಗಿವೆ ಅಂತ ಓದಿದರು. ವಿಭಜನೆ ಆಗುತ್ತಿರುವ ಕೋಶದಲ್ಲಿ ಮಾತ್ರ ಇರುವ ಕೆಐ-67 ಎಂಬ ಪ್ರೋಟೀನಿನ ನೆರವಿನಿಂದ ಅಂಥವನ್ನು ಬೇರೆ ಮಾಡಿದರು. ಮಕ್ಕಳ ಮಿದುಳಿನ ತಾಯಿಕೋಶ ಹೇಗಿರುತ್ತದೆ ಅಂತ ಕಂಪ್ಯೂಟರಿಗೆ ಕಲಿಸಿ, ದೊಡ್ಡವರ ಮಾದರಿಯಲ್ಲಿ ಅಂಥದ್ದನ್ನೇ ಹುಡುಕಿಸಿದರು. ಸಿಕ್ಕವು. ಮಿದುಳಿನ ಸೀಳುಗಳಲ್ಲಿ ನೋಡಿದರೆ ಅವು ಇರಬೇಕಾದ ಡೆಂಟೇಟ್ ಗೈರಸ್‌ನಲ್ಲೇ ಇದ್ದವು.

ಒಪ್ಪದವರು ಹೇಳೋದು ಹೀಗೆ: ಅಷ್ಟೊಂದು ಕೋಶಗಳನ್ನು ಜಾಲಾಡಿ ಸಿಕ್ಕ ತಾಯಿಕೋಶಗಳು ತೀರಾ ಕಡಿಮೆ. ಮಕ್ಕಳ ಕೋಶ ನೋಡಿ ಕಲಿತ ಕಂಪ್ಯೂಟರ್, ವಿಭಜನೆ ಆಗುವ ಬೇರೆ ಜಾತಿಯ ಕೋಶವನ್ನೇ ತಾಯಿಕೋಶ ಅಂದುಕೊಂಡಿರಬಹುದಲ್ಲ? 2022ರಲ್ಲಿ ಯೇಲ್‌ನ ನೆನಾದ್ ಶೆಸ್ತಾನ್ ತಂಡ ಇದೇ ಬಗೆಯ ಜೀನ್ ಓದಿನಿಂದ ಹಂದಿ, ಕೋತಿಗಳಲ್ಲಿ ಹೊಸ ಹುಟ್ಟಿನ ದಾರಿ ಕಂಡು, ಮನುಷ್ಯರಲ್ಲಿ ಅದು ಇಲ್ಲವೆಂದೇ ಹೇಳುವಷ್ಟು ಕಡಿಮೆ ಅಂದಿತ್ತು.

ಸಾಕ್ಷಿಗಳನ್ನೆಲ್ಲ ಪಕ್ಕಪಕ್ಕ ಇಟ್ಟರೆ ತಕ್ಕಡಿ ‘ಹುಟ್ಟುತ್ತವೆ, ಆದರೆ ತೀರಾ ಕಡಿಮೆ’ ಎಂಬ ಕಡೆಗೆ ವಾಲಿದೆ ಅಂತ ನನ್ನ ಅನಿಸಿಕೆ. ಎಲ್ಲರಲ್ಲೂ ಒಂದೇ ಸಮ ಇಲ್ಲ ಎಂಬುದೂ 2025ರ ವರದಿಯಲ್ಲೇ ಇದೆ. ಕೆಲವು ವಯಸ್ಕರಲ್ಲಿ ತಾಯಿಕೋಶ ಸಾಕಷ್ಟು, ಕೆಲವರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಯಾರ ಮಿದುಳು ಸಿಕ್ಕಿತು ಎಂಬುದರ ಮೇಲೂ ಹಿಂದಿನ ಫಲಿತಾಂಶಗಳು ಬದಲಾಗಿದ್ದಿರಬಹುದು.

ಹುಟ್ಟಿದರೆ ಸಾಕಾ?

ಇಲಿಗಳಲ್ಲಿ ಇದರ ಕಥೆ ಚೆನ್ನಾಗಿ ಗೊತ್ತಿದೆ. ಹುಟ್ಟಿದ ಎಳೆ ಕೋಶಗಳಲ್ಲಿ ಹೆಚ್ಚಿನವು ಕೆಲವೇ ವಾರದಲ್ಲಿ ಸಾಯುತ್ತವೆ. ಉಳಿದವು ಒಂದು ಕಡೆ ಡೆಂಡ್ರೈಟ್, ಇನ್ನೊಂದು ಕಡೆ ಆಕ್ಸಾನ್ ಬಿಟ್ಟು ಹಳೆ ಕೋಶಗಳ ಜೊತೆ ಸಿನಾಪ್ಸ್ ಕಟ್ಟಿಕೊಳ್ಳಬೇಕು. ಅದಾಗಲು ಒಂದೂವರೆ, ಎರಡು ತಿಂಗಳು. ಕೋತಿಗಳಲ್ಲಿ ಇದಕ್ಕಿಂತ ಎಷ್ಟೋ ನಿಧಾನ.

ಬೆಳೆಯುವ ಹೊತ್ತಿನಲ್ಲಿ ಈ ಎಳೆ ಕೋಶಗಳು ಹಳೆಯವಕ್ಕಿಂತ ಬೇಗ ಕೆರಳುತ್ತವೆ. ಹೆಚ್ಚುಕಡಿಮೆ ಒಂದೇ ಥರದ ಎರಡು ಅನುಭವವನ್ನು ಬೇರೆ ಬೇರೆಯಾಗಿ ಇಡಲು ಅದು ನೆರವಾಗುತ್ತದೆ ಅಂತ ಇಲಿಗಳ ಪ್ರಯೋಗ ಹೇಳುತ್ತದೆ. ಮಾರ್ಕೆಟ್ಟಿಗೆ ದಿನಾ ಹೋಗುವವರಿಗೆ ಬೈಕನ್ನು ಇವತ್ತು ಎಲ್ಲಿ ನಿಲ್ಲಿಸಿದೆ, ನಿನ್ನೆ ಎಲ್ಲಿ ನಿಲ್ಲಿಸಿದ್ದೆ ಅನ್ನೋದು ಕಲಸಿಹೋಗಬಾರದಲ್ಲ, ಡೆಂಟೇಟ್ ಗೈರಸ್‌ನ ಕೆಲಸ ಆ ಥರದ್ದು.

ಇದಕ್ಕೆ ಬೆಲೆಯೂ ಇದೆ. 2014ರಲ್ಲಿ ಟೊರಾಂಟೊದ ಪಾಲ್ ಫ್ರ್ಯಾಂಕ್ಲೆಂಡ್, ಶೀನಾ ಜೋಸ್ಲಿನ್ ತಂಡ, ಕಲಿತ ಮೇಲೆ ಹೊಸ ಕೋಶಗಳ ಹುಟ್ಟು ಹೆಚ್ಚಿಸಿದರೆ ಇಲಿಗಳು ಕಲಿತದ್ದನ್ನು ಮರೆಯುತ್ತವೆ ಅಂತ ತೋರಿಸಿತು. ಹೊಸ ಕೋಶ ಸಂಪರ್ಕ ಕಟ್ಟುವಾಗ ಹಳೆ ಸಂಪರ್ಕ ಕದಲುತ್ತದೆ. ಶೈಶವದ ನೆನಪು ನಮಗೆ ಇರದಿರಲು ಇದೂ ಒಂದು ಕಾರಣ ಇರಬಹುದು, ಯಾಕೆಂದರೆ ಹೊಸ ಕೋಶಗಳ ಭರಾಟೆ ಜೋರಾಗಿರೋದು ಆಗಲೇ. ರಾಕಿಚ್ 1985ರಲ್ಲಿ ಎತ್ತಿದ ಪ್ರಶ್ನೆಗೆ ಇದು ಅರ್ಧ ಉತ್ತರ: ಹೊಸ ಕೋಶಗಳು ನೆನಪನ್ನು ಕೆಡಿಸಬಲ್ಲವು ನಿಜ, ಆದ್ದರಿಂದಲೇ ಬಹುಶಃ ಮನುಷ್ಯರಲ್ಲಿ ಅವು ಇಷ್ಟು ಕಡಿಮೆ.

ಮಾತ್ರೆ, ವಾಕಿಂಗ್, ಚಿಕಿತ್ಸೆ

‘ಮಿದುಳಿನ ಕೋಶ ಹೆಚ್ಚಿಸುವ’ ಪುಡಿ, ಮಾತ್ರೆಗಳ ಜಾಹೀರಾತಿಗೆ ಇಂಥ ಸುದ್ದಿ ಹಬ್ಬ. ಬದುಕಿರುವ ಮನುಷ್ಯನ ಮಿದುಳಿನಲ್ಲಿ ಹೊಸ ನರಕೋಶ ಎಣಿಸುವ ವಿಧಾನವೇ ಈಗ ಇಲ್ಲ. ಸ್ಕ್ಯಾನ್‌ನಲ್ಲಿ ಒಂದೊಂದೇ ಕೋಶ ಕಾಣಲ್ಲ. ಎಣಿಸಲು ಬಾರದ್ದನ್ನು ಹೆಚ್ಚಿಸಿದ್ದೇವೆ ಅಂತ ಯಾರಾದರೂ ಹೇಳಿದರೆ ಅದು ಸುಮ್ನೆ ಮಾತು.

ವ್ಯಾಯಾಮದ ವಿಷಯಕ್ಕೆ ಸ್ವಲ್ಪ ಆಧಾರ ಇದೆ, ಆದರೆ ಜನ ಅಂದುಕೊಂಡಂತೆ ಅಲ್ಲ. ಚಕ್ರದಲ್ಲಿ ಓಡುವ ಇಲಿಗಳಲ್ಲಿ ಹೊಸ ನರಕೋಶ ಜಾಸ್ತಿಯಾಗುತ್ತದೆ ಅಂತ 1999ರಿಂದಲೇ ಗೊತ್ತು. 2011ರಲ್ಲಿ ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದ ಅಧ್ಯಯನದಲ್ಲಿ, ಒಂದು ವರ್ಷ ಬಿರುಸಾಗಿ ನಡೆದವರ ಹಿಪ್ಪೊಕ್ಯಾಂಪಸ್ ಶೇ 2ರಷ್ಟು ದಪ್ಪಗಾಗಿತ್ತು. ದಪ್ಪಗಾಗಲು ರಕ್ತನಾಳ ಹೆಚ್ಚಿದರೂ ಸಾಕು, ಇರುವ ಕೋಶಗಳೇ ಡೆಂಡ್ರೈಟ್ ಚಾಚಿದರೂ ಸಾಕು. ವಾಕಿಂಗ್ ಮಾಡಲು ಬೇರೆ ನೂರು ಒಳ್ಳೆ ಕಾರಣಗಳಿವೆ. ಹೊಸ ನರಕೋಶದ ಹೆಸರು ಹೇಳಬೇಕಿಲ್ಲ.

ಚಿಕಿತ್ಸೆಯ ಆಸೆ ಎರಡು ಕಡೆ ಇದೆ. ಖಿನ್ನತೆಯ ಕೆಲವು ಮಾತ್ರೆಗಳು ಇಲಿಗಳಲ್ಲಿ ಹೊಸ ಕೋಶಗಳನ್ನು ಹೆಚ್ಚಿಸುತ್ತವೆ. ಮಾತ್ರೆಯ ಪರಿಣಾಮ ಕಾಣಲು ವಾರಗಟ್ಟಲೆ ಬೇಕಾಗೋದಕ್ಕೂ ಕೋಶ ಬೆಳೆಯಲು ವಾರಗಟ್ಟಲೆ ಬೇಕಾಗೋದಕ್ಕೂ ನಂಟಿದೆ ಅಂತ ಕೆಲವರ ವಾದ, ಮನುಷ್ಯರಲ್ಲಿ ಸಾಬೀತಾಗಿಲ್ಲ. ಅಲ್ಝೈಮರ್ಸ್‌ನಲ್ಲಿ ಆಸೆ ಇನ್ನೂ ದೂರದ್ದು. ಅಲ್ಲಿ ಕೋಶ ಸಾಯೋದು ಡೆಂಟೇಟ್ ಗೈರಸ್‌ನಲ್ಲಷ್ಟೇ ಅಲ್ಲ. ಹೊಸ ಹುಟ್ಟಿನ ಸುಳಿವೇ ಇಲ್ಲದ ಹೊರಪದರದಲ್ಲೂ ಸಾಯುತ್ತವೆ. ದಿನಕ್ಕೆ 700 ಕೋಶ ಅದನ್ನು ತುಂಬಿಕೊಡಲ್ಲ. ಕಾಯಿಲೆಯ ಮೊದಲ ಹಂತದಲ್ಲೇ ಎಳೆ ಕೋಶ ಯಾಕೆ ಇಳಿಯುತ್ತವೆ ಅಂತ ಗೊತ್ತಾದರೆ ರೋಗವನ್ನು ಬೇಗ ಹಿಡಿಯಲು ದಾರಿ ಸಿಗಬಹುದು. ನನಗೆ ಕಾಣುವ ಹತ್ತಿರದ ಲಾಭ ಅದೇ.

ಮುಂದೇನು

ಈ ವಿವಾದ ಬಗೆಹರಿಯಲು ಬೇಕಾದದ್ದು ಎರಡು. ಬದುಕಿರುವವರ ಸ್ಕ್ಯಾನ್‌ನಲ್ಲಿ ವಿಭಜನೆಯನ್ನು ತೋರಿಸುವ ಗುರುತುವಸ್ತು ಒಂದು. ಅದು ಸದ್ಯಕ್ಕೆ ಇಲ್ಲ. ಸಾವಿನ ಹೊತ್ತು, ಸಂರಕ್ಷಣೆಯ ಹೊತ್ತು, ಕಾಯಿಲೆ, ಔಷಧಿ ಎಲ್ಲ ಬರೆದಿಟ್ಟ ಮಿದುಳುಗಳು ಇನ್ನೊಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಮನೆಯವರ ಒಪ್ಪಿಗೆಯ ಮೇಲೆ ಅಲ್ಲಿ ಮಿದುಳುಗಳನ್ನು ಸಂಗ್ರಹಿಸಿ ಸಂಶೋಧನೆಗೆ ಕೊಡುತ್ತಾರೆ. ಕಣ್ಣು ದಾನದ ಬಗ್ಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಮಿದುಳನ್ನೂ ದಾನ ಮಾಡಬಹುದು ಅಂತ ಗೊತ್ತಿರುವವರು ಕಡಿಮೆ. ಇಲ್ಲಿ ಮೇಲೆ ಹೆಸರಿಸಿದ ಮಾನವ ಅಧ್ಯಯನಗಳು ಹೆಚ್ಚುಕಡಿಮೆ ಎಲ್ಲವೂ ಯುರೋಪ್, ಅಮೆರಿಕದ ತಂಡಗಳವು. ನಮ್ಮಲ್ಲಿ ಸಕ್ಕರೆ ಕಾಯಿಲೆ, ಅಪೌಷ್ಟಿಕತೆ, ಮಿದುಳಿಗೆ ತಗಲುವ ಸೋಂಕು ಹೆಚ್ಚು. ಇವು ತಾಯಿಕೋಶಗಳಿಗೆ ಏನು ಮಾಡುತ್ತವೆ ಅಂತ ಇಲ್ಲಿನ ಮಿದುಳುಗಳನ್ನು ನೋಡಿಯೇ ತಿಳಿಯಬೇಕು. ಅದಕ್ಕೆ ಸಾವಾದ ಕೆಲವೇ ಗಂಟೆಗಳಲ್ಲಿ, ದುಃಖದ ನಡುವೆ, ಮನೆಯವರು ಹೂಂ ಅನ್ನಬೇಕಾಗುತ್ತದೆ.